ಪಿಕಳಾರ ಗೂಡು ಕಟ್ಟುವ ತಿಂಗಳು

ಚಿಕ್ಕಬಳ್ಳಾಪುರ
೧೯ ಫೆಬ್ರವರಿ ೨೦೨೫

ಮುರಳಿಯವರಿಗೆ ಶೋಭಾ ಮಾಡುವ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ, ಲಾಯರ್ ನೋಟಿಸಲ್ಲ. ಫೋನಿನಲ್ಲಿ ನಾವಿಬ್ಬರೂ ಜಗಳವಿಲ್ಲದೆ ಮಾತು ಮುಗಿಸಿದ್ದು ನಿಮ್ಮ ಕಳವಾರದ ತೋಟದಲ್ಲಿ ಸಿಗ್ನಲ್ ಹೋದಾಗ ಮಾತ್ರ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ.

ನಮ್ಮ ಪುಟ್ಟ ವೇಣು ಹೋದ ಮೇಲೆ ತನುಜಳನ್ನು ಕರೆದುಕೊಂಡು ಈ ಬಾಡಿಗೆ ಮನೆಗೆ ಬಂದೆನಲ್ಲ, ಅಂದಿನಿಂದ ಮಗಳಿಗೆ ಸರಿಯಾದ ನಿದ್ದೆಯಿಲ್ಲ. ಬೆಳಗ್ಗೆ ನಡೆಸಿ ಎಂದರು ಡಾಕ್ಟರು. ದಿನವೂ ಪಾರ್ಕಿಗೆ ಹೋಗುತ್ತೇವೆ. ಪಾರ್ಕೆಂದರೆ ಟೈಲ್ಸ್ ಎದ್ದ ದಾರಿ, ಕಿರುಗುಟ್ಟುವ ಕಸರತ್ತಿನ ಯಂತ್ರ, ಜೇಬಿನಲ್ಲಿ ಸುಪ್ರಭಾತ ಹಾಕಿಕೊಂಡು ಬಾಯಲ್ಲಿ ಚಾಡಿ ಹೇಳುತ್ತ ಸುತ್ತುವ ಗಂಡಸರು.

ಆದರೂ ಗಿಡಮರಗಳಿಗೆ ನಮ್ಮ ಮನೆಯ ಸುದ್ದಿ ತಲುಪಿಲ್ಲ. ಶಿವರಾತ್ರಿಗೆ ಇನ್ನೂ ವಾರವಿದೆ, ಹೊಂಗೆ ಆಗಲೇ ಹಳೆಯ ಎಲೆ ಉದುರಿಸಿ ಚಿಗುರಿದೆ. ಎಲೆಯಿಲ್ಲದ ಬೂರುಗದ ತುಂಬ ಕೆಂಪು ಹೂವು, ಹೂವಿನ ತುಂಬ ಗೊರವಂಕಗಳ ಗಲಾಟೆ. ಕುಟ್ರು ಹಕ್ಕಿ ಒಂದೇ ರಾಗ ಹಿಡಿದು ಕೂತಿದೆ, ಥೇಟ್ ನಿಮ್ಮ ದೊಡ್ಡಪ್ಪ. ಹೂವಿಗೆ ತಡವಿಲ್ಲ, ನೋವಿಗೆ ಬಿಡುವಿಲ್ಲ. ಪ್ರಾಸ ತಾನಾಗಿ ಬಿತ್ತು, ಕನ್ನಡ ಬಿ.ಎ. ಮಾಡಿದವಳಿಗೆ ಅಂಟಿದ ರೋಗ, ಸಾವಿನ ಮನೆಯಲ್ಲೂ ಬಿಡುವುದಿಲ್ಲ.

ಪ್ರತಿ ಹಕ್ಕಿಯ ಹೆಸರನ್ನೂ ತಮ್ಮನಿಗೆ ಬಾಯಿಪಾಠ ಮಾಡಿಸುತ್ತಿದ್ದ ತನುಜ ಈಗ ನೆಲ ನೋಡಿಕೊಂಡು ನಡೆಯುತ್ತಾಳೆ. ನಾನೇ ತೋರಿಸುತ್ತೇನೆ. ಹೂಂ ಅನ್ನುತ್ತಾಳೆ.

ಮೊನ್ನೆ ಭಾನುವಾರ ಕಾಗದದ ಹೂವಿನ ಮುಳ್ಳುಬಳ್ಳಿಯಲ್ಲಿ ಪಿಕಳಾರ ಗೂಡು ಕಟ್ಟಿದ್ದು ಕಂಡಿತು. ಕರಿ ಜುಟ್ಟು, ಬಾಲದ ಬುಡದಲ್ಲಿ ಕೆಂಪು. ನಿಮ್ಮ ದ್ರಾಕ್ಷಿಯ ಆಜನ್ಮ ಶತ್ರು. ಮಗಳು ಖುಷಿಪಡಲಿ ಎಂದು ತೋರಿಸಿದೆ. ಅವಳು ಮುಳ್ಳಿನೊಳಗೆ ಕೈ ಹಾಕಿ, ಗೂಡನ್ನು ಕಿತ್ತು ನೆಲಕ್ಕೆ ಹಾಕಿ ತುಳಿದಳು. ಒಳಗೆ ಎರಡು ಮೊಟ್ಟೆಯಿದ್ದವು. ತಾಯಿಹಕ್ಕಿ ತಲೆಯ ಮೇಲೇ ಕೂಗುತ್ತಿತ್ತು. ಕಪಾಳಕ್ಕೆ ಹೊಡೆದೆ. ಅಳಲಿಲ್ಲ. ಚಪ್ಪಲಿಯನ್ನು ಕಲ್ಲಿಗೆ ಉಜ್ಜುತ್ತ ಹೇಳಿದಳು:

"ಶೆಡ್ಡಲ್ಲಿ ನೇತಾಕಿದ್ದ ಹಗ್ಗದ ಸುರುಳಿಯಲ್ಲಿ ಇದೇ ಹಕ್ಕಿ ಗೂಡು ಕಟ್ಟಿತ್ತಮ್ಮ. ಮೊಟ್ಟೆ ಇತ್ತು. ಅದಕ್ಕೇ ಹೊಂಡದ ಹಗ್ಗ ಬಿಚ್ಕೊಂಡು ಹೋಗಿ ಅಪ್ಪಂಗೆ ಕೊಟ್ಟೆ. ಅಪ್ಪಂಗೆ ಆಮೇಲೆ ಗೊತ್ತಾಯ್ತು. ಯಾರಿಗೂ ಹೇಳ್ಬೇಡ ಕಣಮ್ಮ ಅಂದ್ರು."

ಅಲ್ಲೇ ಕಲ್ಲುಬೆಂಚಿನ ಮೇಲೆ ಅವಳನ್ನು ಕೂರಿಸಿ, ಮುಳ್ಳು ಗೀರಿದ ಕೈಯನ್ನು ಸೆರಗಿನಿಂದ ಒರೆಸಿದೆ. ಹೋದ ವರ್ಷ ಇದೇ ದಿನಗಳಲ್ಲಿ ದ್ರಾಕ್ಷಿಗೆ ಬಣ್ಣ ತಿರುಗಿ, ಹಕ್ಕಿ ತಿನ್ನದಂತೆ ಚಪ್ಪರಕ್ಕೆ ಬಲೆ ಕಟ್ಟುತ್ತಿದ್ದಿರಿ. ಹಗ್ಗ ತಾರಮ್ಮ ಎಂದು ಅವಳನ್ನು ಕೂಗಿದ್ದು ನನಗೂ ಕೇಳಿಸಿತ್ತು. ಅದೇ ಮಧ್ಯಾಹ್ನ ವೇಣು ಕೃಷಿ ಹೊಂಡಕ್ಕೆ ಜಾರಿದ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಬಿದ್ದವರಿಗೆ ಹಿಡಿದು ಮೇಲೆ ಬರಲು ಇದ್ದದ್ದು ದಡದ ಗೂಟಕ್ಕೆ ಕಟ್ಟಿದ ಆ ಹಗ್ಗವೊಂದೇ. ಕೊಳೆತಿತ್ತು, ಬಿಸಾಡಿದ್ದೆ ಎಂದು ಪೊಲೀಸರಿಗೂ ನೆಂಟರಿಗೂ ಹೇಳಿದಿರಿ. ಆ ನೀಲಿ ಹಗ್ಗವನ್ನು ನಾನು ಬಲೆಯ ಮೇಲೆ ಕಂಡೆ. ಸುಳ್ಳುಗಾರ ಎಂದೆ, ಇನ್ನೂ ಕೆಟ್ಟದ್ದನ್ನೂ ಅಂದೆ. ನೀವು ತಲೆ ತಗ್ಗಿಸಿ ನಿಂತಿರಿ. ಆಗ ನಿಮ್ಮ ಬೆನ್ನ ಹಿಂದೆ ತನುಜ ನಿಂತಿದ್ದಳು ಎನ್ನುವುದು ಈಗ ಹೊಳೆಯುತ್ತಿದೆ.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಅದಕ್ಕೆ ಬೇರೆ ಕಾಗದ ಬೇಕು, ಇಷ್ಟು ಸಣ್ಣದು ಸಾಲದು.

ಮನೆಗೆ ಬರುವ ದಾರಿಯಲ್ಲಿ ಅವಳು ಕೇಳಿದ್ದು ಒಂದೇ ಮಾತು: "ಅವತ್ತೇ ಆ ಗೂಡು ಕಿತ್ತಾಕಿದ್ರೆ ವೇಣು ಇರ್ತಿದ್ದ, ಅಲ್ವಾ?"

ಅಂದಿನಿಂದ ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಏಳುತ್ತಾಳೆ.

ಅವಳನ್ನು ಕಾಪಾಡಲೆಂದೇ ನೀವು ಮುಚ್ಚಿಟ್ಟಿರಿ, ಗೊತ್ತು. ಆದರೆ ಅಪ್ಪನೇ ಮುಚ್ಚಿಟ್ಟರೆಂದ ಮೇಲೆ ಅದು ಮುಚ್ಚಿಡಬೇಕಾದಂಥ ತಪ್ಪೇ ಇರಬೇಕು ಎಂದುಕೊಂಡಿದ್ದಾಳೆ. ಹೇಳಬೇಡ ಎಂದವರು ನೀವು, ಆ ಬೀಗ ತೆಗೆಯಬೇಕಾದವರೂ ನೀವೇ. ನಾನು ಹೇಳಿದರೆ ಅಮ್ಮ ಸಮಾಧಾನ ಮಾಡುತ್ತಿದ್ದಾಳೆ ಎಂದಷ್ಟೇ ಆಗುತ್ತದೆ.

ಮುಂದಿನ ವಾರ ವೇಣುವಿನ ವರ್ಷದ ತಿಥಿ. ಜನ ಸೇರಿದ ಮೇಲೆ ಈ ಮಾತು ಆಗದು, ಅದಕ್ಕೆ ಮೊದಲೇ ಬನ್ನಿ. ಬೆಳಗ್ಗೆ ಪಾರ್ಕಿನ ಗೇಟಿನಲ್ಲಿ ನಿಂತಿರಿ. ನೀವಿಬ್ಬರೂ ಮುಂದೆ ನಡೆಯಿರಿ, ನಾನು ಹಿಂದೆ ಉಳಿಯುತ್ತೇನೆ. ನಡೆದದ್ದನ್ನು ನಡೆದ ಹಾಗೆ ಹೇಳಿ. ಹಗ್ಗ ಬೇಕೆಂದಿರಿ, ಯಾವುದೆಂದು ಹೇಳಲಿಲ್ಲ. ಅವಳು ತಂದುಕೊಟ್ಟದ್ದು ಯಾವುದೆಂದು ನೀವೂ ನೋಡಲಿಲ್ಲ. ಅಷ್ಟೇ ಹೇಳಿ. ಅವಳು ಬೈದರೆ ಬೈಸಿಕೊಳ್ಳಿ. ಅತ್ತರೆ ಸುಮ್ಮನಿರಿಸಬೇಡಿ.

ದಾರಿ ನೋಡುತ್ತಿರುವ,
ಶೋಭಾರಾಣಿ

ಮ.ಮ: ನಿನ್ನೆ ಚಿಂತಾಮಣಿಯಿಂದ ನಮ್ಮಣ್ಣ ಬಂದಿದ್ದ. ಆ ಹಗ್ಗ ನಿಜಕ್ಕೂ ಕೊಳೆತಿತ್ತಾ, ಇಲ್ಲ ನಿಮ್ಮೆಜಮಾನ್ರು ಕಥೆ ಕಟ್ಟಿದ್ರಾ ಎಂದು ಮತ್ತೆ ಕೆದಕಿದ. ಕೊಳೆತಿತ್ತು, ನಾನೇ ಕಣ್ಣಾರೆ ನೋಡಿದ್ದೆ ಎಂದುಬಿಟ್ಟೆ. ಒಳಗೆ ಕನ್ನಡಿ ಮುಂದೆ ಜಡೆ ಹೆಣೆಯುತ್ತಿದ್ದ ತನುಜಳ ಕೈ ನಿಂತಿತು. ಬೇಗ ಬನ್ನಿ.