ಎಪ್ಪತ್ತೊಂಬತ್ತನೆಯ ಕಾರ್ಡು

ತುಪುಂಗಾತೊ,
ಮೇ ೨೩

ಪ್ರೀತಿಯ ತಂಗಿ ಒತಿಲಿಯಾ,

ಮಠದೊಳಗೆ ನಿನ್ನ ಹೆಸರು ಸಿಸ್ಟರ್ ಇನೆಸ್ ಎಂಬುದನ್ನು ನಾನು ಮರೆತಿಲ್ಲ. ಲಕೋಟೆಯ ಮೇಲೆ ಆ ಹೆಸರನ್ನೇ ಬರೆಸಿದ್ದೇನೆ. ಆದರೆ ಒಳಗಿನ ಕಾಗದದಲ್ಲಿ ನೀನು ಅಮ್ಮ ಕರೆದ ಹೆಸರಿನವಳೇ ಆಗಿರಬೇಕೆಂಬುದು ಅಕ್ಕನಾದ ನನ್ನ ಹಟ. ಐವತ್ತು ವರ್ಷ ಇದನ್ನು ಸಹಿಸಿದ ನಿಮ್ಮ ಮಠಮಾತೆಯರು ಇನ್ನೊಮ್ಮೆ ಸಹಿಸಲಿ. ದೇವಮಾತೆಯ ಕೃಪೆ ನಿನ್ನ ಮೇಲೆಯೂ ನಿನ್ನ ಸಹೋದರಿಯರೆಲ್ಲರ ಮೇಲೆಯೂ ನೆರಳಿನಂತಿರಲಿ.

ಪವಿತ್ರ ವಾರದಲ್ಲಿ ಬಂದ ನಿನ್ನ ಕಾಗದಕ್ಕೆ, ದ್ರಾಕ್ಷಿಯ ಬಳ್ಳಿಗಳೆಲ್ಲ ಬೋಳಾದ ಮೇಲೆ ಉತ್ತರ ಬರೆಯುತ್ತಿದ್ದೇನೆ. ತಡವಾದುದಕ್ಕೆ ಕ್ಷಮೆ ಕೇಳುವುದಕ್ಕಿಂತ ಮೊದಲು ಈ ದಪ್ಪಕ್ಷರಗಳಿಗಾಗಿ ಕ್ಷಮೆ ಕೇಳಬೇಕು. ಮರದ ಚೌಕಟ್ಟೊಂದಕ್ಕೆ ಅಡ್ಡಡ್ಡಲಾಗಿ ದಾರಗಳನ್ನು ಬಿಗಿದು, ಅದನ್ನು ಕಾಗದದ ಮೇಲಿಟ್ಟುಕೊಂಡು, ದಾರವನ್ನು ಬೆರಳಿನಿಂದ ತಡವುತ್ತ ಬರೆಯುತ್ತಿದ್ದೇನೆ. ನನ್ನ ಕಣ್ಣಿನ ನಟ್ಟನಡುವೆ ಒಂದು ಮಸುಕು ಬಂದು ಕುಳಿತಿದೆ, ತಂಗಿ. ನೇರವಾಗಿ ನೋಡಿದ ವಸ್ತು ಕರಗಿಹೋಗುತ್ತದೆ. ನೋಡದೆ ಬಿಟ್ಟ ವಸ್ತು ಅಂಚಿನಲ್ಲಿ ನಿಂತಿರುತ್ತದೆ. ಮೆಂದೋಸಾದ ವೈದ್ಯರು ಬಹಳ ಮರ್ಯಾದೆಯಿಂದ, ನಡುವಿನದು ಮರಳುವುದಿಲ್ಲ, ಅಂಚು ಉಳಿದೀತು ಎಂದರು. ಇದನ್ನು ನಿನಗೆ ತಿಳಿಸುವ ಮಾತನ್ನು ಬೇಸಿಗೆಯಿಂದ ಹುಡುಕುತ್ತಿದ್ದೆ. ಹುಡುಕಿದಷ್ಟೂ ಅದೂ ಕರಗುತ್ತಿತ್ತು.

ನಿನ್ನ ಕಾಗದದ ಒಂದು ಸಾಲು ನನ್ನನ್ನು ಬಿಟ್ಟುಹೋಗಿಲ್ಲ. ನಿನ್ನ ಸುವರ್ಣೋತ್ಸವದ ಪೂಜೆಯಲ್ಲಿಯೂ ಅಪ್ಪನ ಆತ್ಮಕ್ಕಾಗಿ ಪ್ರಾರ್ಥಿಸುವಾಗ ನಾಲಿಗೆ ತಡವರಿಸಿತು, ಆ ಒಂದು ಗಂಟೆಯನ್ನು ಇಂದಿಗೂ ಕ್ಷಮಿಸಲಾಗಿಲ್ಲ ಎಂದು ನೀನು ಬರೆದಿದ್ದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ನನ್ನನ್ನು ಈ ಶರತ್ಕಾಲವೆಲ್ಲ ಕಾಡಿದ ಪ್ರಶ್ನೆ ಬೇರೊಂದು: ನಿನ್ನ ಮುಖವನ್ನು ಇನ್ನೊಮ್ಮೆ ಕಂಡೇನೇ ಎಂಬುದು. ಊರವರ ಪ್ರಶ್ನೆಗಳಿಗೆಲ್ಲ ಟ್ಯಾರೋ ಕಾರ್ಡು ಹಾಸಿ ಶಕುನ ಹೇಳುವವಳಿಗೆ ತನ್ನ ಪ್ರಶ್ನೆಗೆ ಹಾಸುವ ಅಧಿಕಾರವಿಲ್ಲ. ತನಗಾಗಲಿ ತನ್ನ ರಕ್ತದವರಿಗಾಗಲಿ ಕಾರ್ಡು ತಿರುವಬಾರದೆಂದು ನನಗೆ ಈ ವಿದ್ಯೆ ಕಲಿಸಿದಾಕೆ ಮೊದಲ ದಿನವೇ ಹೇಳಿದ್ದಳು. ಆ ನಿಯಮವನ್ನು ನಾನು ಮೀರಲಿಲ್ಲ. ಮೀರದಿದ್ದರೂ ಏನಾಯಿತೆಂಬುದನ್ನು ನೀನೇ ಕೇಳು.

ಈ ವರ್ಷದ ಶರತ್ಕಾಲವನ್ನು ನಾನು ಅಂಚಿನಿಂದಲೇ ಕಂಡೆ. ಕಾಲುವೆಯ ದಂಡೆಯ ಪಾಪ್ಲರ್ ಮರಗಳು ನಿನಗೆ ನೆನಪಿರಬೇಕು. ಏಪ್ರಿಲಿನಲ್ಲಿ ಅವು ಬುಡದಿಂದ ತುದಿಯವರೆಗೆ ಬಂಗಾರವಾಗುತ್ತವೆ. ಅವುಗಳತ್ತ ತಿರುಗಿದರೆ ಬೂದಿ. ಬೆಟ್ಟದ ಹೊಸ ಹಿಮದ ಕಡೆಗೆ ಮುಖಮಾಡಿ ಸುಮ್ಮನೆ ಕುಳಿತರೆ, ಕಿವಿಯ ಪಕ್ಕದಲ್ಲಿ ಯಾರೋ ದೀಪಗಳ ಸಾಲನ್ನು ಹಿಡಿದು ನಿಂತಂತೆ ಅವು ಉರಿಯುತ್ತವೆ. ಇಷ್ಟು ವರ್ಷ ಅವುಗಳನ್ನು ನೆಟ್ಟ ಕಣ್ಣಿನಿಂದ ನೋಡಿ, ನೋಡಿದ್ದಾಯಿತೆಂದು ಒಳಗೆ ಹೋಗುತ್ತಿದ್ದೆ. ಈಗ ಅವು ತಾವಾಗಿ ಬರುವವರೆಗೆ ಕಾಯುತ್ತೇನೆ. ಪ್ರಭುವಿನ ಸನ್ನಿಧಿಯೂ ಹೀಗೆಯೇ, ಹುಡುಕಿದ ಕಡೆ ಇಲ್ಲದೆ ಪಕ್ಕದಲ್ಲಿ ಬಂದು ನಿಂತಿರುತ್ತದೆ ಎಂದು ನೀನೊಮ್ಮೆ ಬರೆದಿದ್ದೆ. ಅದು ಮಠದವರ ಮಾತೆಂದು ಆಗ ಓದಿ ಮಡಿಸಿಟ್ಟಿದ್ದೆ.

ಕಣ್ಣು ಹೋದಮೇಲೆ ಕಾರ್ಡು ಹೇಗೆ ಓದುತ್ತೀ ಎಂದು ನೀನು ಕೇಳದೆ ಇರಲಾರೆ. ಈ ಕಸುಬು ನಿನಗೆ ಎಂದೂ ಒಪ್ಪಿಗೆಯಾಗದಿದ್ದರೂ ಕುತೂಹಲವನ್ನು ನೀನು ಬಿಟ್ಟವಳಲ್ಲ. ಟ್ಯಾರೋದ ಎಪ್ಪತ್ತೆಂಟು ಕಾರ್ಡುಗಳೂ ನನಗೆ ಜಪಸರದ ಮಣಿಗಳಂತೆ ಬಾಯಿಪಾಠ. ಕಲಸುವವರೂ, ತಿರುವುವವರೂ ಮೊದಲಿನಿಂದಲೂ ಪ್ರಶ್ನೆ ಕೇಳಲು ಬಂದವರೇ. ಈಗ, ಕಂಡದ್ದನ್ನು ಹೇಳುವ ಕೆಲಸವನ್ನೂ ಅವರಿಗೇ ಬಿಟ್ಟಿದ್ದೇನೆ. ಪಕ್ಕದ ಮನೆಯ ವಿಧವೆ ನೀಲ್ದಾ, ಹಣ್ಣು ಕಟ್ಟುವ ಶೆಡ್ಡಿನಲ್ಲಿ ದುಡಿಯುವವಳು, ಮಾರ್ಚಿನಲ್ಲಿ ಮೊದಲು ಬಂದಳು. ಅವಳ ಕೈಗೆ ಮೃತ್ಯುವಿನ ಕಾರ್ಡು ಬಂದಿತ್ತು.

"ಎಲುಬುಗೂಡಿನಂಥೋನೊಬ್ಬ ಕುದುರೆ ಹತ್ತಿ ಬಂದಿದ್ದಾನೆ," ಎಂದಳು. "ಎದುರಿಗೆ ಒಂದು ಮಗು ಮಂಡಿಯೂರಿದೆ. ದೊಡ್ಡವರೆಲ್ಲ ಮುಖ ಆ ಕಡೆ ಮಾಡಿದ್ದಾರೆ, ಮಗು ಮಾತ್ರ ಅವನನ್ನೇ ನೋಡ್ತಿದೆ. ಪಾಪ, ಅವನಿಗೂ ಯಾರಾದ್ರೂ ನೋಡೋರು ಬೇಕಲ್ವಾ ಅಮ್ಮಾ?"

ಆ ಕಾರ್ಡನ್ನು ಜನ್ಮವಿಡೀ ನೋಡಿದ ನನಗೆ ಇದು ಹೊಳೆದಿರಲಿಲ್ಲ. ತಾವು ಕಂಡದ್ದನ್ನು ಹೇಳುತ್ತ ಹೇಳುತ್ತ ಜನ ತಮ್ಮ ಉತ್ತರವನ್ನು ತಾವೇ ತಲುಪುತ್ತಾರೆ. ನಾನು ಸೋರೆಬುರುಡೆಯಲ್ಲಿ ಹಸಿರು ಕಷಾಯ ತುಂಬಿ ಕೊಡುತ್ತ ಕೇಳುತ್ತೇನೆ, ಅಷ್ಟೇ. ಅಕ್ರೋಟು ಉದುರುವ ಕಾಲವಾದ್ದರಿಂದ ಬಂದವರು ಅಕ್ರೋಟು ತರುತ್ತಾರೆ. ಕಣ್ಣಿಲ್ಲದಿದ್ದರೂ ಹಲ್ಲಿದೆಯೆಂದು ಅವರಿಗೆ ಗೊತ್ತು.

ಗರಿಗಳ ಭಾನುವಾರದಿಂದ ಈಸ್ಟರಿನವರೆಗೆ ನಾನು ಕಾರ್ಡು ಮುಟ್ಟುವುದಿಲ್ಲ. ಅವನ್ನು ಅಮ್ಮನ ನೀಲಿ ವಸ್ತ್ರದಲ್ಲಿ ಸುತ್ತಿ ಕಣ್ಣು ಕಾಯುವ ಸಂತ ಲೂಸಿಯಾಳ ಪಟದ ಕೆಳಗೆ ಇಟ್ಟುಬಿಡುತ್ತೇನೆ. ನಿನ್ನ ಲಕೋಟೆ ಬಂದದ್ದು ಆ ವಾರವೇ. ಕಾಗದವನ್ನು ನೀಲ್ದಾ ಓದಿಹೇಳಿದಳು. ಆದರೆ ಒಳಗಿದ್ದ ಅಂಗೈಯಗಲದ ಫೋಟೋವನ್ನು ಅವಳಿಗೆ ತೋರಿಸಲಿಲ್ಲ. ನಿನ್ನನ್ನು ನನಗಿಂತ ಮೊದಲು ಇನ್ನೊಬ್ಬರು ನೋಡುವುದು ನನಗೆ ಸಹ್ಯವಾಗಲಿಲ್ಲ. ಮಸುಕು ತೆಳುವಾದ ಒಂದು ಒಳ್ಳೆಯ ಬೆಳಗಿಗಾಗಿ ಕಾಯೋಣವೆಂದು, ಮನೆಯಲ್ಲಿ ಇರುವುದರಲ್ಲೆಲ್ಲ ಪವಿತ್ರವಾದ ಜಾಗವೆಂದು, ಅದನ್ನು ಆ ನೀಲಿ ವಸ್ತ್ರದೊಳಗೇ ಸೇರಿಸಿದೆ. ಈಸ್ಟರಿನ ಸಂಭ್ರಮದಲ್ಲಿ, ಎಲ್ಲಿಟ್ಟೆನೆಂಬುದೇ ಮನಸ್ಸಿನಿಂದ ಜಾರಿತು.

ಹಬ್ಬ ಕಳೆದ ಮರುದಿನ ಮೊದಲು ಬಂದವನು ನೀರುಗಂಟಿ ಅಬೆಲಾರ್ದೊ. ಕಾಲುವೆಯ ತೂಬು ತೆಗೆದು ತೋಟತೋಟಕ್ಕೆ ಸರದಿಯ ಪ್ರಕಾರ ನೀರು ಬಿಡುವವನು. ಹೆಂಡತಿ ತೀರಿಹೋಗಿ ಬಹಳ ವರ್ಷವಾಯಿತು.

"ಒಬ್ಬ ಹೆಂಗಸಿನ ವಿಷಯ, ಅಮ್ಮಾ. ಹೆಸರು ಮಾತ್ರ ಕೇಳ್ಬೇಡಿ."

"ಕೇಳೋದ್ಯಾಕಪ್ಪ? ಬೀದಿಗೆಲ್ಲ ನಿಲ್ಲಿಸಿ ನೀಲ್ದಾಳ ಹಿತ್ತಲಿಗೆ ಒಂದು ಪಾಲು ಜಾಸ್ತಿ ನೀರು ಬಿಡ್ತೀಯಲ್ಲ."

"ಕಾಲುವೆ ಹಳೇದು. ನೀರು ತಾನಾಗೇ ಆ ಕಡೆ ಹರಿಯುತ್ತೆ."

"ಹರಿಯುತ್ತೆ, ಹರಿಯುತ್ತೆ. ಇಳಿಜಾರು ಎಲ್ಲಿದೆ ಅಂತ ಊರಿಗೇ ಗೊತ್ತು. ಕಲಸು."

ನೀಲಿ ವಸ್ತ್ರ ಬಿಚ್ಚಿ ಕಟ್ಟನ್ನು ಅವನ ಮುಂದಿಟ್ಟೆ. ಗುದ್ದಲಿ ಹಿಡಿದ ಕೈಯಲ್ಲಿ ಕಾರ್ಡು ಕಲಸುವ ಸದ್ದು ಜಲ್ಲಿ ಸುರಿದಂತಿತ್ತು. ಮೊದಲನೆಯದನ್ನು ತಿರುವಿದ. "ಮೂರು ಬಟ್ಟಲು ಮಗುಚಿಬಿದ್ದಿವೆ. ಕಪ್ಪು ಕಂಬಳಿ ಹೊದ್ದೋನು ಅದನ್ನೇ ನೋಡ್ತಾ ನಿಂತಿದ್ದಾನೆ. ಹಿಂದೆ ಇನ್ನೆರಡು ನೆಟ್ಟಗಿವೆ, ಆ ಪೆದ್ದನಿಗೆ ಕಾಣ್ಸಿಲ್ಲ."

"ಆ ಪೆದ್ದ ಯಾರು?" ಎಂದು ಕೇಳಿದೆ. ಅವನು ಕಷಾಯವನ್ನು ಬಹಳ ಹೊತ್ತು ಹೀರಿದ. ಆಮೇಲೆ ಎರಡನೆಯದನ್ನು ತಿರುವಿದ.

"ಒಬ್ಬಳು ಅಜ್ಜಿ," ಎಂದ. "ಮಣ್ಣಿನ ಬಣ್ಣದ ನಿಲುವಂಗಿ. ಕಪ್ಪು ಮುಸುಕು, ಅದರ ಮೇಲೆ ಹೂವಿನ ಕಿರೀಟ. ಕೈಯಲ್ಲಿ ಕೋಲು, ಕೋಲಿಗೂ ಹೂ ಸುತ್ತಿದೆ."

ನಾನು ಮನಸ್ಸಿನಲ್ಲಿ ಕಾರ್ಡುಗಳ ಸಾಲನ್ನು ತಿರುವತೊಡಗಿದೆ. ಕೋಲು ಹಿಡಿದ ಏಕಾಂತವಾಸಿಗೆ ಕಿರೀಟವಿಲ್ಲ. ಕಿರೀಟವುಳ್ಳ ಸಾಮ್ರಾಜ್ಞಿಗೆ ಮುಸುಕಿಲ್ಲ. ಹೂ ಮುಡಿದವಳೊಬ್ಬಳಿದ್ದಾಳೆ, ಸಿಂಹದ ಬಾಯಿ ಮುಚ್ಚುವ ಶಕ್ತಿಯ ಕಾರ್ಡಿನಲ್ಲಿ. ಆದರೆ ಅವಳು ತರುಣಿ.

"ಪಕ್ಕದಲ್ಲಿ ಸಿಂಹ ಇದೆಯೇನೋ ನೋಡು."

"ಸಿಂಹ ಎಲ್ಲಿಂದ ಬರ್ಬೇಕು? ಮೂಲೇಲಿ ಒಂದು ಕೋಳಿ ಇದೆ."

"ಕೋಳಿಯೇ?"

"ಕೋಳಿ ನನಗೆ ಗೊತ್ತಾಗಲ್ವಾ ಅಮ್ಮಾ? ಅಜ್ಜಿ ನಗ್ತಿದ್ದಾಳೆ. ಮೇಲಿನ ಸಾಲಲ್ಲಿ ಒಂದು ಹಲ್ಲಿಲ್ಲ."

ಒತಿಲಿಯಾ, ಆ ಕ್ಷಣದಲ್ಲಿ ನನಗಾದುದನ್ನು ಹೇಗೆ ಬರೆಯಲಿ? ಹುಟ್ಟಿದ ಮನೆಯಲ್ಲಿ ನಡೆಯುತ್ತಿದ್ದಾಗ, ಗೋಡೆಯೆಂದು ತಿಳಿದಿದ್ದ ಜಾಗದಲ್ಲಿ ಕೈಗೆ ಬಾಗಿಲು ಸಿಕ್ಕಂತಾಯಿತು. ಎಪ್ಪತ್ತೆಂಟು ಕಾರ್ಡುಗಳ ಆಚೆ ಇನ್ನೊಂದು ಕಾರ್ಡು ನನ್ನ ಮೇಜಿನ ಮೇಲೆ ಮಲಗಿತ್ತು. ಅದನ್ನು ಯಾರು ಬರೆದರು, ಯಾರಿಗಾಗಿ ಕಳುಹಿಸಿದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಶಿಲುಬೆಯ ಗುರುತು ಮಾಡಿಕೊಂಡೆ.

"ಅವಳ ನೋಟ ಎಲ್ಲಿದೆ?" ಎಂದೆ.

"ನನ್ನ ಕಡೆ ಇಲ್ಲ. ಬದಿಯಿಂದ ಯಾರೋ ಕರೆದಿರ್ಬೇಕು, ಆ ಕಡೆ ತಿರುಗಿ ನಕ್ಕಿದ್ದಾಳೆ." ಅವನು ಸೋರೆಬುರುಡೆಯನ್ನು ಮೇಜಿನ ಮೇಲಿಟ್ಟ. "ನನಗಿಂತ ದೊಡ್ಡೋಳು. ಈ ವಯಸ್ಸಲ್ಲಿ ತಲೆತುಂಬ ಹೂ ಮುಡ್ಕೊಂಡು ನಿಂತಿದ್ದಾಳೆ, ನಾಚಿಕೆ ಅನ್ನೋದೇ ಇಲ್ಲ. ನಾನ್ಯಾಕೆ ನಾಚ್ಕೋತಾ ಇದೀನಿ ಅಮ್ಮಾ?"

ಕುರ್ಚಿ ಸರಿಸಿ ಎದ್ದ. ಎದ್ದವನು ಬಗ್ಗಿ ಹೇಳಿದ: "ಇದು ದೊಡ್ಡ ಕಾರ್ಡೇ ಇರ್ಬೇಕು. ಬೆನ್ನ ಮೇಲೆ ಏನೋ ಬರೆದಿದೆ. ಕಲಸೋವಾಗ್ಲೇ ನೋಡ್ದೆ, ಕೇಳ್ಬಾರದೇನೋ ಅಂತ ಸುಮ್ಮನಿದ್ದೆ."

"ಓದು."

ಅವನು ಅಕ್ಷರ ಅಕ್ಷರವಾಗಿ ಓದಿದ: "ಅಕ್ಕನಿಗೆ. ಐವತ್ತು ವರ್ಷಕ್ಕೆ ಹೂವಿನ ಕಿರೀಟ. ಕೋಳಿಯನ್ನು ಓಡಿಸಲಾಗಲಿಲ್ಲ. ಒತಿಲಿಯಾ."

ನಾನು ಅತ್ತೆನೋ ನಕ್ಕೆನೋ ನನಗೆ ತಿಳಿಯದು. ಅದು ನನ್ನ ತಂಗಿಯ ಫೋಟೋ, ಅವಳು ಮಠದ ಸನ್ಯಾಸಿನಿ ಎಂದಾಗ ಅವನು ಹ್ಯಾಟು ಕೈಗೆ ತೆಗೆದುಕೊಂಡ. "ಅಯ್ಯೋ ದೇವರೇ," ಎಂದ ಮೆಲ್ಲಗೆ, "ಸನ್ಯಾಸಿನಿಯನ್ನ ಕೇಳ್ಕೊಂಡು ಮದುವೆಗೆ ಹೊರಟೆನಲ್ಲ ನಾನು."

ಹೊರಟದ್ದಂತೂ ನಿಜ. ನೀಲ್ದಾ ಆಗ ಹಿತ್ತಲಿನಲ್ಲಿ ಮೆಂಬ್ರಿಯೊ ಹಣ್ಣಿನ ಪಾಕ ಕುದಿಸುತ್ತಿದ್ದಳು. ಕೆಂಪಗೆ ಗಟ್ಟಿಯಾಗುವವರೆಗೆ ಸೌಟು ನಿಲ್ಲಿಸುವಂತಿಲ್ಲವೆಂದು ನಿನಗೆ ಗೊತ್ತು. ಅವಳು ಸೌಟು ನಿಲ್ಲಿಸದೆಯೇ, "ನೀರು ಬಿಟ್ಟಿದ್ದಾಯ್ತು, ಬಾಯಿ ಬಿಡೋಕೆ ಇಷ್ಟು ವರ್ಷ ಬೇಕಾಯ್ತಾ?" ಎಂದಳಂತೆ. ಪಾಕದ ತಳ ಹಿಡಿಯಿತೆಂದು ಈಗಲೂ ಅವನನ್ನು ಬೈಯುತ್ತಾಳೆ. ಹೊಸ ಚಿಗುರಿನ ಕಾಲಕ್ಕೆ ಮದುವೆ. ಈ ದಾರದ ಚೌಕಟ್ಟು ಅವನು ಮಾಡಿಕೊಟ್ಟದ್ದು. ಜೂನಿನಲ್ಲಿ ನನ್ನನ್ನು ಬಸ್ಸಿನಲ್ಲಿ ಕೊರ್ದೊಬಾಕ್ಕೆ, ನಿಮ್ಮ ಮಠದ ಬಾಗಿಲಿಗೆ ಕರೆತರುವವರೂ ಅವರಿಬ್ಬರೇ. ತನಗೆ ಹೆಣ್ಣು ಗೊತ್ತುಮಾಡಿದ ಅಜ್ಜಿಗೆ ನಮಸ್ಕರಿಸಬೇಕೆಂದು ಅಬೆಲಾರ್ದೊ ಹೇಳುತ್ತಾನೆ. ಮಠಮಾತೆಯ ಕಿವಿಗೆ ಇದು ಬೀಳದಂತೆ ನೋಡಿಕೋ.

ನನ್ನ ಪ್ರಶ್ನೆಗೆ ನಾನು ಕಾರ್ಡು ಹಾಸಲಿಲ್ಲ. ಇನ್ನೊಬ್ಬನ ಕೈಯಿಂದ ಉತ್ತರ ಬಂದು ನನ್ನೆದುರು ಮಲಗಿತು: ನಿನ್ನ ನಗು, ನಿನ್ನ ಬಿದ್ದ ಹಲ್ಲು, ಬದಿಗೆ ತಿರುಗಿದ ನಿನ್ನ ಕಣ್ಣು. ಆ ಫೋಟೋವನ್ನು ಕಾರ್ಡುಗಳ ನಡುವೆಯೇ ಬಿಡೆಂದು ನೀಲ್ದಾ ಹೇಳಿದಳು. ನಾನು ಸಂತ ಲೂಸಿಯಾಳ ಪಟಕ್ಕೆ ಒರಗಿಸಿಟ್ಟಿದ್ದೇನೆ.

ಪ್ರಭು ನಿನ್ನ ಹಗಲನ್ನೂ ಇರುಳನ್ನೂ ಕಾಯಲಿ. ನಿನ್ನ ಮಂಡಿಗಳಿಗೆ ಚಳಿಗಾಲ ಕರುಣೆ ತೋರಲಿ. ನಿನ್ನ ಪ್ರಾರ್ಥನೆಯಲ್ಲಿ ನನಗೆ ಮೂಲೆಯ ಆ ಕೋಳಿಯಷ್ಟು ಜಾಗವಿದ್ದರೂ ಸಾಕು.

ಸದಾ ನಿನ್ನ ಅಕ್ಕ,
ಎದೆಲ್ಮಿರಾ

ಮರೆತ ಮಾತು: ಜೂನಿನಲ್ಲಿ ಭೇಟಿಯ ಕೋಣೆಯಲ್ಲಿ ನಾನು ಕಂಬಿಜಾಲರಿಯ ಮುಂದೆ ಕುಳಿತು ಪಕ್ಕದ ಗೋಡೆಯತ್ತ ಮುಖ ಮಾಡುತ್ತೇನೆ. ನೊಂದುಕೊಳ್ಳಬೇಡ. ನಿನ್ನನ್ನು ನೋಡಲು ನನಗೆ ಉಳಿದಿರುವುದು ಅದೊಂದೇ ದಾರಿ. ಕಳೆದ ವಾರ ವೈದ್ಯರು, ಇದು ರಕ್ತದಲ್ಲಿ ಇಳಿದುಬರುವುದೂ ಉಂಟು, ನಿಮ್ಮ ತಾಯಿತಂದೆಯರಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಇಲ್ಲವೆಂದು ಹೇಳಿ ಬಂದೆ. ಬಸ್ಸಿನಲ್ಲಿ, ಕಿಟಕಿಯ ಅಂಚಿನಲ್ಲಿ ಮರಗಳು ಉರಿಯುತ್ತ ಹಿಂದೆ ಸರಿಯುತ್ತಿದ್ದಾಗ ನೆನಪಾಯಿತು. ನೀನು ಮಠ ಸೇರಿದ ಆ ವರ್ಷ ಅಪ್ಪ ಪತ್ರಿಕೆ ಓದುವುದನ್ನು ಬಿಟ್ಟಿದ್ದರು. ದ್ರಾಕ್ಷಿಯ ಗೊನೆಯನ್ನು ಮೊದಲು ಬೆರಳಿನಿಂದ ತಡವಿ ಆಮೇಲೆ ಕತ್ತರಿಸುತ್ತಿದ್ದರು. ಯಾರಿಗೂ ಏನೂ ಹೇಳಲಿಲ್ಲ; ಹೇಳುವ ಸ್ವಭಾವ ಅವರದಲ್ಲ. ಮಠದಲ್ಲಿ ನಿನ್ನನ್ನು ಮೊದಲು ಕಾಣಲು ಬಂದ ದಿನ ಅವರು ಆ ಒಂದು ಗಂಟೆ ಗೋಡೆಗೆ ಮುಖ ತಿರುಗಿಸಿ ಕುಳಿತಿದ್ದರು. ಅದನ್ನು ನಾವಿಬ್ಬರೂ ಐವತ್ತು ವರ್ಷ ಕೋಪವೆಂದು ಕರೆದೆವು. ತಂಗಿ, ಅಪ್ಪ ನಿನ್ನನ್ನು ನೋಡುತ್ತಿದ್ದರು.