ಅತ್ತೆಯ ಶತ್ರುವಿಗೆ ಪಥ್ಯ

ಅತ್ತೆ,

ನಿಮ್ಮ ಶತ್ರು, ಅದೇ ನೀವು ದಿನಾ ಪೊರಕೆ ತೋರಿಸೋ ಬೆಕ್ಕು, ಬೆಳಗ್ಗೆಯಿಂದ ಮೂರು ಸಲ ವಾಂತಿ ಮಾಡಿದೆ. ಮೂರನೇದು ನನ್ನ ಯೂನಿಫಾರ್ಮ್ ಮೇಲೆ! ಹಳೇ ಶರ್ಟಲ್ಲೇ ಬಸ್ಸು ಓಡಿಸೋಕೆ ಹೊರಟೆ.

ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ದೀನಿ. ಮಧ್ಯಾಹ್ನದವರೆಗೆ ಏನೂ ತಿನ್ನಿಸ್ಬೇಡಿ, ನೀರು ಮಾತ್ರ ಸ್ವಲ್ಪ ಸ್ವಲ್ಪ ಇಡಿ. ಆಮೇಲೆ ಎರಡು ಚಮಚ ಕೋಳಿ. ಉಪ್ಪು ಹಾಕದೆ ಬೇಯಿಸಿ ಫ್ರಿಜ್ಜಲ್ಲಿಟ್ಟಿದ್ದೀನಿ.

ಹಾಲಂತೂ ಬೇಡವೇ ಬೇಡ. "ನಾನೆಲ್ಲಿ ಕೊಟ್ಟೆ?" ಅನ್ಬೇಡಿ. ವಾಂತಿಯಲ್ಲಿ ರಸ್ಕ್ ಚೂರಿತ್ತು. ಈ ಮನೇಲಿ ರಸ್ಕನ್ನ ಹಾಲಲ್ಲಿ ಅದ್ದಿ ತಿನ್ನೋರು ನೀವೊಬ್ಬರೇ. ಸಾಕ್ಷಿ ಸಮೇತ ಸಿಕ್ಕಿಬಿದ್ದಿದ್ದೀರಿ.

ಮತ್ತೆ ವಾಂತಿ ಮಾಡಿದ್ರೆ, ಇಲ್ಲಾ ಮಂಕಾಗಿ ಮೂಲೆ ಸೇರಿದ್ರೆ, ನನಗೋಸ್ಕರ ಕಾಯ್ಬೇಡಿ. ಸ್ಟಿಯರಿಂಗ್ ಹಿಡಿದಾಗ ನಾನು ಫೋನ್ ಎತ್ತಲ್ಲ. ನೀವೇ ಡಾಕ್ಟರಿಗೆ ಮಾಡಿ, ನಂಬರ್ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೀನಿ.

ಅಲ್ಲಿ ಮೊದಲು ಬೆಕ್ಕಿನ ಹೆಸರು ಕೇಳ್ತಾರೆ. ನಿಮ್ಮ "ದರಿದ್ರದ್ದು" ಅಂತ ಬರೆಸೋಕಾಗುತ್ತಾ? ಯಾರೂ ಇಲ್ಲ ಅಂದ್ಕೊಂಡು ಹಿತ್ತಲಲ್ಲಿ ನೀವು ಕರೀತೀರಲ್ಲ, ಆ ಹೆಸರನ್ನೇ ಬರೆಸಿದ್ದೀನಿ. ಈಗ ಫೋನಲ್ಲಿ ಗಟ್ಟಿಯಾಗಿ ಹೇಳ್ಬೇಕು: "ನಮ್ಮ ಬಂಗಾರಿಗೆ ಹುಷಾರಿಲ್ಲ."