ನಾಲ್ಕನೇ ಮಹಡಿಯ ದೀಪ

ಮಾರ್ಚ್ ೨೦, ಭಾನುವಾರ ಬೆಳಗ್ಗೆ

ಪ್ರೀತಿಯ ಇಕ್ಕಳಕ್ಕೆ,

ಅಕ್ಕನ ನೆನಪುಗಳು. ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ಭಾವನ ಸೊಂಟ ಮಾತ್ರ ಅವರ ಮಾತು ಕೇಳುತ್ತಿಲ್ಲ. ಅದೇನು ಹೊಸದಲ್ಲ, ಈ ಮನೆಯಲ್ಲಿ ಅವರ ಮಾತು ಯಾರೂ ಕೇಳುವುದಿಲ್ಲ. ನಿನ್ನ ಪತ್ರ ಬಂದು ಹತ್ತೊಂಬತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೈದುಕೋ. ಲ್ಯಾಬಿನಲ್ಲಿ ಕೆಲಸ ಜಾಸ್ತಿ ಎಂದು ಬರೆದು ತಪ್ಪಿಸಿಕೊಳ್ಳಬಹುದಿತ್ತು, ಅದು ಸುಳ್ಳೂ ಅಲ್ಲ. ಈ ತಿಂಗಳು ಊರಿನ ಅರ್ಧ ಜನ ಹಲ್ಲು ಕಳೆದುಕೊಂಡ ಹಾಗಿದೆ. ನನ್ನ ಮೇಜಿನ ತುಂಬ ಪ್ಲಾಸ್ಟರಿನ ಅಚ್ಚುಗಳು ಬಾಯಿ ತೆರೆದುಕೊಂಡು ಹಲ್ಲಿನ ಸೆಟ್ಟಿಗಾಗಿ ಕಾದು ಕೂತಿವೆ. ಆದರೆ ತಡವಾದದ್ದು ಅದರಿಂದಲ್ಲ, ಕಾರಣವನ್ನು ಆಮೇಲೆ ಹೇಳುತ್ತೇನೆ.

ನೀನು ಮಾಡಿದ ಆಟವನ್ನು ಈ ತಿಂಗಳ ಕೊನೆಯ ದಿನ ಇಂಟರ್ನೆಟ್ಟಿನ ಅಂಗಡಿಯಿಂದ ತೆಗೆದುಬಿಡುತ್ತೇನೆ ಎಂದು ಬರೆದಿದ್ದೀಯ. ಲಿಫ್ಟ್ ತಪಾಸಣೆಯ ಕೆಲಸಕ್ಕೆ ಹೊರಡುವ ಮೊದಲು ದಿನಾ ಎರಡೆರಡು ತಾಸು ಕೂತು, ಆರು ವರ್ಷ ಒಬ್ಬಳೇ ಕಟ್ಟಿದ ಆಟ. "ಕೆಲಸ ಗೊತ್ತಿಲ್ಲದವರು ಮಾಡಿದ ಆಟ ಅಂತ ಮೊದಲನೇ ದಿನಾನೇ ಒಬ್ರು ಬರೆದಿದ್ರಲ್ಲ ಅಕ್ಕಾ, ಅವರು ಆಡಿದ್ದು ಇಪ್ಪತ್ತನಾಲ್ಕೇ ನಿಮಿಷ ಅಂತ ಅದರ ಪಕ್ಕದಲ್ಲೇ ಇದೆ. ಅಷ್ಟರಲ್ಲೇ ಅವರಿಗೆ ಗೊತ್ತಾಯ್ತು, ನನಗೆ ಆರು ವರ್ಷ ಬೇಕಾಯ್ತು" ಎಂದಿದ್ದೀಯ. ಆಟದ ಪುಟ ನೋಡಲು ಬಂದವರೆಲ್ಲ ಮೇಲೆಯೇ ನಿಂತಿರುವ ಆ ಅಭಿಪ್ರಾಯ ಓದಿ ಹಾಗೇ ಹಿಂದಕ್ಕೆ ಹೋಗುತ್ತಾರೆ ಎಂದೂ ಬರೆದಿದ್ದೀಯ. ತೆಗೆಯುವ ಮೊದಲು ಒಳ್ಳೆಯ ಆಟ ಹೇಗಿರುತ್ತದೆಂದು ಒಮ್ಮೆ ನೋಡಬೇಕು, ನಿನಗೆ ಪ್ರಾಣವಾದ ಐದು ಆಟ ಹೇಳು ಎಂದು ಕೇಳಿದ್ದೀಯ. ಹಿಡಿದದ್ದನ್ನು ಬಿಡದವಳು ಎಂದು ನಿನಗೆ ಇಕ್ಕಳ ಎಂದು ಹೆಸರಿಟ್ಟವಳು ನಾನು. ಆ ಇಕ್ಕಳವೇ ಈಗ ಕೈ ಬಿಡುತ್ತಿದೆ.

ಸರಿ, ಕೇಳಿದ್ದೀಯ, ಹೇಳುತ್ತೇನೆ. ಫೋನಿನಲ್ಲಿ ಬರೆದರೆ ನೀನು ಮೊದಲ ಸಾಲು ಓದಿ ಹೆಬ್ಬೆರಳಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತೀಯ. ಅದಕ್ಕೇ ಕಾಗದ.

ಒಂದನೆಯದು ಬಹಳ ಚಿಕ್ಕ ಆಟ, ಇಬ್ಬರು ಗೆಳತಿಯರು ಸೇರಿ ಮಾಡಿದ್ದು. ಅದರಲ್ಲಿ ನೀನು ಬೀದಿದೀಪ ಹಚ್ಚುವವಳು. ಹೆಗಲ ಮೇಲೆ ಏಣಿ, ಕೈಯಲ್ಲಿ ಎಣ್ಣೆಯ ಡಬ್ಬ, ಅಷ್ಟೇ ಆಸ್ತಿ. ಹಚ್ಚಿದ ದೀಪದ ಬೆಳಕು ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಯವರೆಗೆ ಮಾತ್ರ ಊರು ಕಾಣುತ್ತದೆ, ಅಲ್ಲಿಯ ಜನ ಮಾತ್ರ ನಿನ್ನೊಡನೆ ಮಾತಾಡುತ್ತಾರೆ. ಎಣ್ಣೆಯೋ, ಒಂದು ದಿನವೂ ಪೂರ್ತಿ ಸಾಲುವುದಿಲ್ಲ. ಒಂದು ಸಂಜೆ ನಾನು ಚಪ್ಪಲಿ ಹೊಲಿಯುವವನ ಮೂಲೆಯನ್ನು ಕತ್ತಲಲ್ಲೇ ಬಿಟ್ಟೆ. ಮರುದಿನ ಹೋದರೆ ಅವನು ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. "ನಿನ್ನೆ ಎಣ್ಣೆ ಸಾಲಲಿಲ್ಲ ಅನ್ಸುತ್ತೆ" ಎಂದ. ನಾನು ಆಟ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ. ಮೂರು ತಾಸಿನ ಆಟದಲ್ಲಿ ಇಷ್ಟನ್ನು ಇಡುವುದು ಹುಡುಗಾಟವಲ್ಲ.

ಎರಡನೆಯದು ಪಾತ್ರ ಬೆಳೆಸುವ ಆಟ. ಆದರೆ ತಲೆಕೆಳಗು. ಉಳಿದ ಆಟಗಳಲ್ಲಿ ನಾವು ಏನೂ ಬಾರದ ಪೆದ್ದರಾಗಿ ಶುರುವಾಗಿ ಕೊನೆಗೆ ಗುಡ್ಡ ಒಡೆಯುವ ವೀರರಾಗುತ್ತೇವಲ್ಲ, ಇದರಲ್ಲಿ ನೀನು ಮೊದಲೇ ಮಹಾವೀರೆ, ವಯಸ್ಸು ಎಪ್ಪತ್ತು. ಒಂದೊಂದು ಅಧ್ಯಾಯ ಮುಗಿದಾಗಲೂ ಒಂದೊಂದು ವಿದ್ಯೆ ಕೈಬಿಡುತ್ತದೆ. ಕೈಬಿಡುವ ಮೊದಲು ಅದನ್ನು ಯಾರಿಗಾದರೂ ಕಲಿಸಬೇಕು, ಇಲ್ಲದಿದ್ದರೆ ಅದು ಲೋಕದಿಂದಲೇ ಹೋಗುತ್ತದೆ. ನಾನು ಕತ್ತಿವರಸೆಯನ್ನು ಒಬ್ಬ ಸೊಕ್ಕಿನ ಕಾವಲುಗಾರ್ತಿಗೆ ಕಲಿಸಿದೆ. ಈಜನ್ನು ಯಾರಿಗೂ ಕಲಿಸಲಿಲ್ಲ, ಮುಂದೆ ಬೇಕಾದೀತೆಂದು ಇಟ್ಟುಕೊಂಡೆ. ಮುಂದೆ ಹೊಳೆ ಬಂದಾಗ ಇಡೀ ದಂಡಿನಲ್ಲಿ ಈಜು ಬಲ್ಲವರು ಒಬ್ಬರೂ ಇರಲಿಲ್ಲ, ನನ್ನನ್ನೂ ಸೇರಿಸಿ. ಅಷ್ಟು ಹೊತ್ತು ನಾನು ನನ್ನನ್ನೇ ಬೈದುಕೊಂಡದ್ದು ಮದುವೆಯಾದ ಮೇಲೆ ಅದೇ ಮೊದಲು.

ಮೂರನೆಯದು ದೊಡ್ಡದು, ಎಂಬತ್ತು ತಾಸು ಹಿಡಿಯಿತು. ಏಳು ಜನ ಸಂಗಡಿಗರು, ನಾಲ್ಕು ರಾಜ್ಯ, ಒಬ್ಬ ರಾಕ್ಷಸ, ಅವನಿಗೊಬ್ಬ ಚಿಕ್ಕಪ್ಪ. ಕಥೆ ಏನೋ ಹಳೆಯದೇ. ಆದರೆ ಬಿಡಾರ ಹೂಡಿದಾಗ ಸಂಗಡಿಗರು ತಮ್ಮತಮ್ಮಲ್ಲೇ ಮಾತಾಡುವುದಿದೆಯಲ್ಲ, ಅದಕ್ಕೆ ನಾನು ಸೋತುಹೋದೆ. ಅಡುಗೆಯವಳು ಯಾರು ಊಟ ಬಿಟ್ಟರೆಂದು ಮೂರು ದಿನವಾದರೂ ನೆನಪಿಟ್ಟು ಕೇಳುತ್ತಾಳೆ. ನಿನ್ನ ಭಾವ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವರಲ್ಲವೇ, ಹಿಂದೆ ನಿಂತು ನೋಡಿ, ಕುದುರೆಗಾಡಿ ಅಷ್ಟು ದೂರವನ್ನು ಅಷ್ಟು ಬೇಗ ಹೋಗಲು ಸಾಧ್ಯವೇ ಇಲ್ಲ ಎಂದು ತಕರಾರು ತೆಗೆದರು. ಕೊನೆಗೆ ರಾಕ್ಷಸ ಸತ್ತಾಗ ನನ್ನ ಚೀಲದಲ್ಲಿ ತೊಂಬತ್ತೆರಡು ಸೀಸೆ ಮದ್ದು ಮುಟ್ಟದೆ ಹಾಗೇ ಉಳಿದಿತ್ತು. ಸಂಗಡಿಗರು ಗಾಯದಲ್ಲಿ ನರಳುತ್ತಿದ್ದರೂ ನಾನು ಕೊಟ್ಟಿರಲಿಲ್ಲ. ನೀನು ನಗುತ್ತಿದ್ದೀಯ, ಗೊತ್ತು. ಚಿಕ್ಕಂದಿನಿಂದಲೂ ಹೀಗೇ ಅಲ್ಲವೇ? ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿ ಚೀಲಕ್ಕೆ ಹಾಕುವವಳು ನಾನು, "ಅಷ್ಟೊಂದು ಯಾಕೆ ಹೊರ್ತೀಯ" ಎಂದು ಗೊಣಗುವವಳು ನೀನು. ಕಂಪ್ಯೂಟರಿನ ಮುಂದೆ ಒಂದೇ ಕುರ್ಚಿಯಲ್ಲಿ ಇಬ್ಬರೂ ಕೂತು, ಒಬ್ಬಳು ಕೀಲಿ ಒತ್ತುವುದು, ಇನ್ನೊಬ್ಬಳು ಚೌಕುಳಿ ಪುಸ್ತಕದಲ್ಲಿ ನಕ್ಷೆ ಬರೆಯುವುದು. ಕುರ್ಚಿ ಮುರಿದ ದಿನ ಅಮ್ಮ ಬೈದದ್ದು ಇಬ್ಬರಿಗೂ ಸಮನಾಗಿ ಹಂಚಿ ಬಂತು.

ನಾಲ್ಕನೆಯದಕ್ಕೆ ಹೆಚ್ಚು ಮಾತು ಬೇಡ. ದೊಡ್ಡ ಕಟ್ಟಡವೊಂದರ ಕಿಟಕಿ ಗಾಜು ಒರೆಸುವ ಆಟ. ಒರೆಸಿದಷ್ಟೂ ಒಳಗಿನದು ಕಾಣುತ್ತದೆ. ಒಬ್ಬ ಮುದುಕ ಪ್ರತಿ ಸಲವೂ ಒಳಗಿನಿಂದ ತಾನೂ ಒರೆಸಲು ಬರುತ್ತಾನೆ. ಆಡು, ಗೊತ್ತಾಗುತ್ತದೆ.

ಇನ್ನು ಐದನೆಯದು. ಇದಕ್ಕಾಗಿಯೇ ಹತ್ತೊಂಬತ್ತು ದಿನ ಬೇಕಾಯಿತು. ಐದನೆಯದು ನಿನ್ನ ಆಟ.

ತಡೆ, ಕಾಗದ ಮಡಿಚಬೇಡ. ತಂಗಿ ಎಂದು ಹೇಳುತ್ತಿಲ್ಲ. ನಾನು ತಂಗಿ ಎಂದು ಯಾವತ್ತಾದರೂ ರಿಯಾಯಿತಿ ಕೊಟ್ಟಿದ್ದೇನೆಯೇ? ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ಆಟ ಬಂದಾಗ, "ಮುಗಿಸಿದೆ, ಚೆನ್ನಾಗಿದೆ" ಎಂದು ನಿನಗೆ ಹೇಳಿದ್ದೆ. ಮುಗಿಸಿರಲಿಲ್ಲ. ಶುರು ಮಾಡಿ ಅಲ್ಲೇ ಬಿಟ್ಟಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ನಿನ್ನ ಪತ್ರ ಬಂದ ಮೇಲೆ ಮತ್ತೆ ಶುರು ಮಾಡಿದೆ.

ಒಂಬತ್ತು ಮಹಡಿಯ ಹಳೆಯ ಕಟ್ಟಡ, ಅದರ ಲಿಫ್ಟು ನಡೆಸುವ ಹೆಂಗಸು. ಜನ ಹತ್ತುತ್ತಾರೆ, ಮಾತಾಡುತ್ತಾರೆ, ಇಳಿಯುವಾಗ ಏನಾದರೊಂದನ್ನು ಬಿಟ್ಟು ಹೋಗುತ್ತಾರೆ: ಗೋಡೆ ಗಡಿಯಾರ, ಖಾಲಿ ಪಂಜರ, ಪುಸ್ತಕದ ಮೂಟೆ. ಬೇಕಾದರೆ ಇಟ್ಟುಕೊಳ್ಳಬಹುದು, ಇಲ್ಲವೇ ಕೂಗಿ ಕರೆದು ವಾಪಸು ಕೊಡಬಹುದು. ನಾನೋ, ನನ್ನ ಸ್ವಭಾವದಂತೆ ಎಲ್ಲವನ್ನೂ ಇಟ್ಟುಕೊಂಡೆ. ನಾಲ್ಕನೇ ಮಹಡಿಯಲ್ಲಿ ಯಾರೋ ಗುಂಡಿ ಒತ್ತುತ್ತಿದ್ದಾರೆ, ದೀಪ ಮಿಣುಕುತ್ತದೆ, ಲಿಫ್ಟು ಮಾತ್ರ ನಿಲ್ಲದೆ ಮೇಲಕ್ಕೆ ಹೋಗುತ್ತದೆ. ಮೊದಲ ಸಲ ನಾನು ಆಟ ಬಿಟ್ಟದ್ದೂ ಅಲ್ಲೇ. ಈ ಸಲವೂ ಎರಡು ಭಾನುವಾರ ಅಲ್ಲೇ ಸಿಕ್ಕಿಬಿದ್ದೆ. ಆಟವೇ ಕೆಟ್ಟಿದೆ ಎಂದು ಮತ್ತೆ ಅನ್ನಿಸಿತು.

ಹೋದ ಮಂಗಳವಾರ ನಮ್ಮ ಲ್ಯಾಬಿಗೆ ಪ್ಲಾಸ್ಟರ್ ಚೀಲಗಳು ಬಂದವು. ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಪಾಲಿಶ್ ಮಾಡುವವಳೂ ನಾನೂ ಸೇರಿ ಅಷ್ಟನ್ನೂ ಒಂದೇ ಸಲಕ್ಕೆ ಲಿಫ್ಟಿಗೆ ತುರುಕಿದೆವು. ಮೇಲೆ ತಲುಪುವಷ್ಟರಲ್ಲಿ ಎರಡನೇ ಮಹಡಿಯಲ್ಲಿ ಕಾಯುತ್ತಿದ್ದವರು ಮೆಟ್ಟಿಲು ಹತ್ತಿ ಬಂದು ಜಗಳ ತೆಗೆದರು. ಗುಂಡಿ ಒತ್ತಿದರೂ ನಾವು ನಿಲ್ಲಿಸದೆ ಬಂದೆವಂತೆ. ಅಲ್ಲೇ ಎಣ್ಣೆ ಬಿಡುತ್ತಿದ್ದ ಲಿಫ್ಟಿನ ಮೆಕ್ಯಾನಿಕ್ ನಡುವೆ ಬಂದ. "ಅವರ ತಪ್ಪಲ್ಲ. ಭಾರ ತುಂಬಿದ್ರೆ ಹೊರಗಿನವರು ಎಷ್ಟು ಕರೆದ್ರೂ ಲಿಫ್ಟು ನಿಲ್ಲಲ್ಲ. ಮೊದಲು ಒಳಗಿರೋದು ಇಳೀಬೇಕು" ಎಂದ. ನಾನು ಪ್ಲಾಸ್ಟರ್ ಚೀಲ ಅಪ್ಪಿಕೊಂಡು ನಿಂತೇ ಇದ್ದೆ. ಪಾಲಿಶ್ ಮಾಡುವವಳು "ಕೆಳಗಿಡಿ, ಸೊಂಟ ಹೋಗುತ್ತೆ" ಎಂದು ಎರಡು ಸಲ ಹೇಳಬೇಕಾಯಿತು.

ಅಂದು ಮನೆಗೆ ಬಂದವಳೇ, ಮುಖ ಕೂಡ ತೊಳೆಯದೆ, ಒಂದೊಂದೇ ವಸ್ತುವನ್ನು ಅದರದರ ಯಜಮಾನರಿಗೆ ವಾಪಸು ಕೊಟ್ಟೆ. ಪಂಜರ ಹೋಯಿತು, ಗಡಿಯಾರ ಹೋಯಿತು, ಮೂಟೆ ಹೋಯಿತು. ಲಿಫ್ಟು ನಾಲ್ಕರಲ್ಲಿ ನಿಂತಿತು. ಬಾಗಿಲು ತೆರೆದರೆ ಬಿಳಿ ಕೋಟು ಹಾಕಿಕೊಂಡ ಹೆಂಗಸು, ಕೈತುಂಬ ಒಣಗಿದ ಪ್ಲಾಸ್ಟರ್, ಕಂಕುಳಲ್ಲಿ ಚೌಕುಳಿ ಪುಸ್ತಕ. ಒಳಗೆ ಬಂದು ನನ್ನ ಪಕ್ಕದಲ್ಲೇ ನಿಂತುಕೊಂಡಳು. "ನೀನು ಕೀಲಿ ಒತ್ತು, ನಕ್ಷೆ ನಾನು ಹಿಡೀತೀನಿ" ಎಂದಳು.

ಇಕ್ಕಳ, ನಾನು ಅತ್ತುಬಿಟ್ಟೆ. ನಿನ್ನ ಭಾವ ಓಡಿ ಬಂದು ಯಾರು ಸತ್ತರು ಎಂದು ಕೇಳಿದರು.

ಅವಳು ಬಂದ ಮೇಲೆ ಆಟವೇ ಬೇರೆಯಾಯಿತು. ಗುಂಡಿಗಳಲ್ಲಿ ಇಲ್ಲದ ಹತ್ತನೇ ಮಹಡಿ ಅವಳ ನಕ್ಷೆಯಲ್ಲಿದೆ. ಇಷ್ಟು ವರ್ಷದಲ್ಲಿ ನೂರಾರು ಆಟ ಆಡಿದ್ದೇನೆ. ಆಡುವವರ ದುರಾಸೆಯನ್ನು ಹೀಗೆ ಒಂದು ಮಾತೂ ಆಡದೆ ಅವರಿಗೇ ತೋರಿಸಿಕೊಟ್ಟ ಆಟ ಇನ್ನೊಂದು ನೋಡಿಲ್ಲ. ನಿನ್ನ ವೃತ್ತಿಯ ಒಂದು ಸಣ್ಣ ನಿಯಮವನ್ನು ಹಿಡಿದು ಅದರ ಮೇಲೆ ಇಡೀ ಕಥೆ ನಿಲ್ಲಿಸಿದ್ದೀಯ. ಲಿಫ್ಟು ಬಲ್ಲವಳು ಮಾತ್ರ, ಅಕ್ಕನನ್ನು ಬಲ್ಲವಳು ಮಾತ್ರ ಮಾಡಬಹುದಾದ ಆಟ ಅದು. ಅದಕ್ಕೇ ಐದನೆಯದು ಎಂದೆ. ನಿಜ ಹೇಳಬೇಕೆಂದರೆ ಒಂದನೆಯದು.

ಮುಗಿಸಿದೆ ಎಂದು ನಾನು ಸುಳ್ಳು ಹೇಳಿದ ದಿನ ನೀನು ಫೋನಿನಲ್ಲಿ, "ಬೇರೇನೂ ಅನ್ನಿಸಲಿಲ್ವಾ?" ಎಂದು ಕೇಳಿದೆ. ಇಲ್ಲ, ಚೆನ್ನಾಗಿದೆ ಎಂದೆ. ಆ ಪ್ರಶ್ನೆ ಏನೆಂದು ನನಗೆ ತಿಳಿದದ್ದು ಹೋದ ಮಂಗಳವಾರ. ಎರಡು ವರ್ಷ ನೀನು ಅದನ್ನು ನುಂಗಿಕೊಂಡು ಇದ್ದೆಯಲ್ಲ, ಹೇಗಿದ್ದೆ?

ಆಟವನ್ನು ತೆಗೆಯಬೇಡ. ಬೆಳಗಿನ ಆ ಎರಡು ತಾಸು ಯಾವಾಗಲೂ ನಿನ್ನದೇ ಆಗಿರಲಿ, ಕೈಗೆ ಹಿಡಿದದ್ದು ಕೈಯಲ್ಲೇ ನಿಲ್ಲಲಿ. ನಿನ್ನ ಭಾವನೂ ಹರಸಿದ್ದಾರೆ. ನಿನ್ನ ಲಿಫ್ಟು ವೇಳೆಗೆ ಸರಿಯಾಗಿ ಓಡುತ್ತದೆ ಎಂದರು, ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ನಿನ್ನ
ಅಕ್ಕ

ವಿ.ಸೂ.: ಕಾಗದ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ಬರೀ ಬಣ್ಣದ ಮಾತು. ಆ ಇಪ್ಪತ್ತನಾಲ್ಕು ನಿಮಿಷದವಳು ನಾನೇ. ಆಟ ಬಂದ ದಿನ, ಒಂದು ಪ್ರತಿ ಹೆಚ್ಚು ಹೋಗಲಿ ಎಂದು ಬೇರೆ ಹೆಸರಿನಲ್ಲೂ ಒಂದು ಖಾತೆ ತೆರೆದು ಆಟವನ್ನು ಇನ್ನೊಮ್ಮೆ ಕೊಂಡಿದ್ದೆ. ದೊಡ್ಡವರಾದ ಮೇಲೆ ಇಬ್ಬರೂ ಸೇರಿ ಆಟ ಮಾಡೋಣ ಎಂದು ಆ ಕುರ್ಚಿಯಲ್ಲಿ ಕೂತು ಮಾತಾಡಿಕೊಂಡಿದ್ದೆವು. ನೀನು ಒಬ್ಬಳೇ ಮಾಡಿದ್ದೆ, ನನಗೆ ಗೊತ್ತಾದದ್ದು ಎಲ್ಲರಿಗೂ ಗೊತ್ತಾದ ದಿನ. ಹೊಟ್ಟೆ ಉರಿಯಿತು. ಲಿಫ್ಟು ನಾಲ್ಕರಲ್ಲಿ ನಿಲ್ಲದಿದ್ದುದೇ ನೆಪವಾಯಿತು, ಆ ಖಾತೆಯಿಂದ ಆ ಸಾಲು ಬರೆದೆ. ನೀನು ಅದನ್ನು ಓದಿ ಫೋನಿನಲ್ಲಿ ಅತ್ತಾಗ, ಯಾರೋ ತಲೆಕೆಟ್ಟವರು ಬಿಡು ಎಂದು ಸಮಾಧಾನ ಹೇಳಿದವಳೂ ನಾನೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ನನ್ನ ಕೈಯಲ್ಲಿತ್ತು.

ಅದನ್ನು ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕು. ಇನ್ನೂ ಒತ್ತಿಲ್ಲ. ನಿನಗೆ ಹೇಳದೆ ಅಳಿಸಿದ್ದರೆ ಅದು ಎರಡನೇ ಕಳ್ಳತನವಾಗುತ್ತಿತ್ತು. ಈ ಕಾಗದ ನಿನಗೆ ಬುಧವಾರ ತಲುಪುತ್ತದೆ, ಗುರುವಾರ ಅಳಿಸುತ್ತೇನೆ. ಅಷ್ಟರೊಳಗೆ ಆ ಹೆಸರು ನೋಡಿಟ್ಟುಕೋ, ಬೈಯಲು ಬೇಕಾಗುತ್ತದೆ. ನನ್ನ ಜೊತೆ ಮಾತು ಬಿಟ್ಟರೆ ಬಿಡು, ಯಾಕೆಂದು ನಾನು ಕೇಳುವುದಿಲ್ಲ. ಆಟವನ್ನು ಮಾತ್ರ ಬಿಡಬೇಡ. ನಾಲ್ಕನೇ ಮಹಡಿಯ ದೀಪ ಮಿಣುಕುತ್ತಿದ್ದರೆ ಹೊರಗೆ ನಿಂತಿರುವವಳು ನಾನು. ನಿಲ್ಲಿಸುವುದೂ ಬಿಡುವುದೂ ನಿನಗೆ ಸೇರಿದ್ದು.